ನಾನು ಉಜ್ಜಿ ಅಳಿಸಿದ ಎಂಜಿನ್ ನಂಬರು

ಲೋಹ ಉಜ್ಜಿ ಹೊಳೆಯಿಸುವ ಬಫಿಂಗ್ ಮೋಟರಿನ ಮುಂದೆ ಹೊಸದಾಗಿ ನಿಲ್ಲುವವರಿಗೆ ನಾನು ಹೇಳುವ ಮೊದಲ ಮಾತು: ತಿರುಗುವ ಚಕ್ರದ ಕೆಳಭಾಗಕ್ಕೆ ಮಾತ್ರ ಮಾಲು ತಾಗಿಸಿ. ನಡುವಿಗಿಂತ ಮೇಲೆ ತಾಗಿಸಿದಿರೋ, ಕೈಯಲ್ಲಿದ್ದದ್ದನ್ನು ಕಸಿದುಕೊಂಡು ನಿಮ್ಮ ಎದೆಗೇ ಎಸೆಯುತ್ತದೆ. ಎರಡನೆಯ ಮಾತು: ಉಜ್ಜುವ ಮುನ್ನ ಓದಿ. ಲೋಹದ ಮೇಲೆ ಅಂಕಿಯೋ ಅಕ್ಷರವೋ ಗುರುತೋ ಇದೆಯೇ ಎಂದು ಬೆರಳಾಡಿಸಿ ನೋಡಿ. ಮೊದಲ ಪಾಠವನ್ನು ಕೆಲಸಕ್ಕೆ ಸೇರಿದ ವಾರದಲ್ಲೇ ಕಲಿತೆ. ಎರಡನೆಯದನ್ನು ಕಲಿಯಲು ಇಪ್ಪತ್ತು ವರ್ಷ ಹಿಡಿಯಿತು, ಅಷ್ಟರಲ್ಲಿ ಒಬ್ಬ ಹುಡುಗಿಯ ಮೋಟರ್‌ಸೈಕಲ್ಲು ಕೈಬಿಟ್ಟು ಹೋಗುವುದರಲ್ಲಿತ್ತು.

ನಾನು ಗುರುನಾಥ, ಭಾಲ್ಕಿ ಕಡೆಯವನು. ಹೈದರಾಬಾದಿನ ಬಾಲಾನಗರದಲ್ಲಿ ಲೋಹಕ್ಕೆ ಕ್ರೋಮು ಲೇಪಿಸುವ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಈಗ ವಾರಕ್ಕೊಮ್ಮೆ ಅದೇ ನಗರದ ನಾಚಾರಂಗೆ ಹೋಗಿ ಅಲ್ಲಿನ ಒಂದು ಘಟಕದ ಹೊಸಬರಿಗೆ ಕೆಲಸ ಹೇಳಿಕೊಡುತ್ತೇನೆ. ಮೇಲೆ ಹೋಗುವುದು ಹೇಗೆ ಎಂದು ಅವರು ಕೇಳುತ್ತಾರೆ. ನನಗೇನು ಗೊತ್ತು ಮಾರಾಯರೇ, ನಾನು ಬಫಿಂಗ್ ಮೋಟರಿನ ಮುಂದೆ ನಿಂತವನು ಅಲ್ಲಿಂದಲೇ ಮನೆಗೆ ಬಂದೆ. ಆದರೆ ತುಕ್ಕು ಹಿಡಿದ ಒಂದು ತುಂಡನ್ನು ಕೈಗೆ ಕೊಡಿ, ಅದರೊಳಗೆ ಏನಿದೆ ಎಂದು ಈಗಲೂ ಊಟ ಬಿಟ್ಟು ಹೇಳುತ್ತ ಕೂರುತ್ತೇನೆ.

ನನಗೆ ಕೆಲಸ ಕಲಿಸಿದವರು ಖಾದರ್ ಉಸ್ತಾದರು. ಆಗ ಉಜ್ಜುವ ಚಕ್ರಗಳನ್ನು ನಾವೇ ತಯಾರಿಸಿಕೊಳ್ಳುತ್ತಿದ್ದೆವು. ಸರೇಸು ಅಂದರೆ ಚರ್ಮದ ಅಂಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಬಟ್ಟೆಯ ಚಕ್ರಕ್ಕೆ ಬಳಿದು, ಎಮರಿ ಪುಡಿಯ ತಟ್ಟೆಯಲ್ಲಿ ಉರುಳಿಸಿ ಒಣಗಿಸಬೇಕು. ನಾತವೋ ನಾತ, ಮನೆಗೆ ಹೋದರೆ ಹೆಂಡತಿ ಹೊಸ್ತಿಲ ಆಚೆಗೇ ನಿಲ್ಲಿಸುತ್ತಿದ್ದಳು. ಮೊದಲು ದಪ್ಪ ಎಮರಿ, ಆಮೇಲೆ ನಡುವಿನದು, ಆಮೇಲೆ ಸಣ್ಣದು, ಅದಾದ ಮೇಲೆ ನಾರಿನ ಚಕ್ರಕ್ಕೆ ಕಂದು ಸೋಪು ಅಂದರೆ ಹೊಳಪು ಕೊಡುವ ಮೇಣದ ಗಟ್ಟಿ, ಕೊನೆಗೆ ಮೆತ್ತನೆಯ ಹತ್ತಿ ಚಕ್ರಕ್ಕೆ ಬಿಳಿ ಸೋಪು. ಒಂದು ಹಂತ ಹಾರಿಸಿದರೂ ಹಿಂದಿನ ಗೀರು ಅಲ್ಲೇ ಉಳಿಯುತ್ತದೆ. ಕ್ರೋಮು ಏನನ್ನೂ ಮುಚ್ಚುವುದಿಲ್ಲ, ಇದ್ದದ್ದನ್ನೆಲ್ಲ ಎತ್ತಿ ತೋರಿಸುತ್ತದೆ. ಉಸ್ತಾದರು ಕಣ್ಣು ಮುಚ್ಚಿಕೊಂಡು ಮಾಲಿನ ಮೇಲೆ ಉಗುರು ಎಳೆಯುತ್ತಿದ್ದರು. ಉಗುರು ಸ್ವಲ್ಪ ತಡೆದರೂ ಸಾಕು, "ಅಭೀ ಬಾತ್ ಕರ್ರಾ ಮಿಯಾಂ" ಎಂದು ವಾಪಸು ಕೊಡುತ್ತಿದ್ದರು. ಲೋಹ ಇನ್ನೂ ಮಾತಾಡುತ್ತಿದೆ, ಸುಮ್ಮನಾಗಿಸು ಎಂದರ್ಥ. ಮೂರು ಸಲ ವಾಪಸು ಬಂದದ್ದುಂಟು.

ನನ್ನ ಮೊದಲ ದೊಡ್ಡ ಭಾನಗಡಿ ಒಂದು ಹಳೆಯ ಕಾರಿನ ಬಾಗಿಲ ಹಿಡಿಗಳದ್ದು. ಹಳೆಯ ಕ್ರೋಮು ಬಿಡಿಸಲೆಂದು ನಾಲ್ಕನ್ನೂ ಆಮ್ಲದ ತೊಟ್ಟಿಗೆ ಇಳಿಬಿಟ್ಟು ಚಹಾ ಕುಡಿಯಲು ಹೋದೆ. ಹೊರಗೆ ಕ್ರಿಕೆಟ್ಟಿನ ಮಾತು ನಡೆದಿತ್ತು, ಒಂದು ಚಹಾ ಎರಡಾಯಿತು. ಬಂದು ತಂತಿ ಎತ್ತಿದರೆ ಅದರಲ್ಲಿ ಹಿಡಿಯೇ ಇಲ್ಲ, ಕೆಳಗೆ ನಾಲ್ಕು ಉಕ್ಕಿನ ಮೊಳೆ ಬಿದ್ದಿದ್ದವು. ಅದು ಕಬ್ಬಿಣವಲ್ಲ, ಸತುವಿನ ಎರಕ ಎಂದು ಆಗ ಗೊತ್ತಾಯಿತು. ಆಮ್ಲ ಅದನ್ನು ಸಕ್ಕರೆ ಕರಗಿಸಿದಂತೆ ಕರಗಿಸಿತ್ತು. ಉಸ್ತಾದರು ಬೈಯಲಿಲ್ಲ. ಮೊಳೆಗಳನ್ನು ನನ್ನ ಅಂಗೈಗೆ ಹಾಕಿ, ಗಿರಾಕಿ ಬಂದಾಗ ನೀನೇ ಕೊಡು ಅಂದರು. ಕೊಟ್ಟೆ. ಅಂದಿನಿಂದ ಯಾವ ಮಾಲು ಬಂದರೂ ಮೊದಲು ಕೈಯಲ್ಲಿ ತೂಗಿ, ಒಳಬದಿಯ ಒಂದು ಮೂಲೆಗೆ ಅರ ಎಳೆದು, ಯಾವ ಲೋಹ ಎಂದು ನೋಡಿಯೇ ಮುಂದಿನ ಕೆಲಸ ಮಾಡುತ್ತಿದ್ದೆ.

ಉಸ್ತಾದರು ಹೋದ ಮೇಲೆ ಕಾಲ ಬದಲಾಯಿತು. ಅದುವರೆಗೆ ನಮಗೆ ಬರುತ್ತಿದ್ದದ್ದು ಆಸ್ಪತ್ರೆಯ ಮಂಚದ ಕಾಲು, ಪಂಪಿನ ಭಾಗ, ಬಾಗಿಲ ಚಿಲಕ. ನಗರದ ಅಂಚಿನ ಮಾದಾಪುರದ ಬಂಡೆಗಳನ್ನು ಒಡೆದು ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದದ್ದೇ ತಡ, ಕೊರಳಿಗೆ ಕಾರ್ಡು ತೂಗುಹಾಕಿಕೊಂಡ ಹುಡುಗರು ಹುಡುಗಿಯರು ಹಳೆಯ ಗಾಡಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಾಲಾನಗರಕ್ಕೆ ಬರತೊಡಗಿದರು. ಬೆಂಗಳೂರಿನವರು, ಮಂಗಳೂರಿನವರು, ನಮ್ಮ ಕಡೆಯವರು. ಅವರಿಗೆ ಹೊಸ ಗಾಡಿ ಬೇಡ, ಹಳೆಯದೇ ಹೊಸದಾಗಬೇಕು. ನನಗಂತೂ ಹಬ್ಬ. ಐದು ಪದರ ಬಣ್ಣ, ಅದರ ಕೆಳಗೆ ಗುಳಿ ತುಂಬಲು ಮೆತ್ತಿದ ಲಪ್ಪ, ಅದರ ಕೆಳಗೆ ತುಕ್ಕು, ಎಲ್ಲ ಬಿಡಿಸಿದಾಗ ಒಳಗಿನಿಂದ ಕಾರ್ಖಾನೆಯಲ್ಲಿ ಮೊದಲ ದಿನ ಇದ್ದ ಲೋಹ ಕಾಣುತ್ತದಲ್ಲ, ಆ ಗಳಿಗೆಗೆ ನಾನು ಪ್ರತಿಸಲವೂ ಚಿಕ್ಕ ಹುಡುಗನ ಹಾಗೆ ಕುಣಿದಿದ್ದೇನೆ. ಆ ಕಾಲಕ್ಕೇ ಗಾಜಿನ ಸಣ್ಣ ಗೋಲಿಗಳನ್ನು ಗಾಳಿಯೊತ್ತಡದಲ್ಲಿ ಹೊಡೆದು ಲೋಹ ತೊಳೆಯುವ ಯಂತ್ರವೂ ಬಂತು. ಹತ್ತು ಬೆರಳು ಸವೆಸಿ ಎರಡು ದಿನ ಮಾಡುತ್ತಿದ್ದದ್ದು ಅರ್ಧ ಗಂಟೆಗೆ ಮುಗಿಯುತ್ತಿತ್ತು. ಸರೇಸಿನ ಪಾತ್ರೆಯನ್ನು ಆಚೆ ಎಸೆದಾಗ ನನಗಿಂತ ನನ್ನ ಹೆಂಡತಿಗೇ ಹೆಚ್ಚು ಖುಷಿಯಾಯಿತು.

ಶಶಿಕಲಾ ಬಂದದ್ದು ಆ ದಿನಗಳಲ್ಲೇ. ಬೀದರಿನ ಹುಡುಗಿ, ಸಾಫ್ಟ್‌ವೇರ್ ಕೆಲಸ, ಕನ್ನಡ ಕೇಳಿದ ಕೂಡಲೇ ನನ್ನನ್ನು ಕಾಕಾ ಮಾಡಿಕೊಂಡಳು. ಗಾಡಿ ಅವಳ ತಂದೆಯದು. ತಂದೆ ಶಿವಶರಣಪ್ಪನವರು ಬೀದರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತರಾದವರು, ಇಡೀ ನೌಕರಿಯನ್ನು ಆ ಗಾಡಿಯ ಮೇಲೇ ಮಾಡಿದವರು. ಅದನ್ನು ಮಗನಿಗೆ ಕೊಡಬೇಕೆಂದಿದ್ದರು, ಇವಳು ಆರು ತಿಂಗಳು ಹಟ ಹಿಡಿದು ತನಗೆ ಮಾಡಿಕೊಂಡಿದ್ದಳು. ಇನ್ನೂ ಪೂರ್ತಿ ಆಗಿರಲಿಲ್ಲ. ಗಾಡಿಗೆ ಕರ್ನಾಟಕದ ನೋಂದಣಿ, ಅದು ಇಲ್ಲಿಗೆ ಬದಲಾಗಿ ಅವಳ ಹೆಸರಿಗೆ ಬರಬೇಕು. ಸೋಮವಾರ ಆರ್‌ಟಿಓ ಕಚೇರಿಯಲ್ಲಿ ತಪಾಸಣೆ, ತಂದೆ ಬಂದು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಬೇಕು.

"ಅಪ್ಪಾರಿಗೆ ಒಂದ ಅನುಮಾನರಿ ಕಾಕಾ, ನಾ ಗಾಡಿ ಸಂಭಾಳಸತೀನೋ ಇಲ್ಲೋ ಅಂತ" ಅಂದಳು. "ಏನಾರ ಹೆಚ್ಚುಕಮ್ಮಿ ಆತಂದ್ರ ಗಾಡಿ ತಿರಗಿ ಬೀದರಿಗೆ, ಅಣ್ಣನ ಕಡೆ. ನೀವು ಎಂಜಿನ್ ಎಷ್ಟ್ ಹೊಳಸಬೇಕಂದ್ರ, ಅವರ ಮಾರಿ ಅದರಾಗ ಅವರಿಗೇ ಕಾಣಬೇಕು."

ಅದಕ್ಕಿಂತ ಹೆಚ್ಚು ಇನ್ನೇನು ಬೇಕಿತ್ತು ನನಗೆ. ಎಂಜಿನ್ನಿನ ಹೊರಕವಚ ಅಲ್ಯುಮಿನಿಯಮ್ಮಿನದು, ವರ್ಷಗಟ್ಟಲೆ ಎಣ್ಣೆ ಧೂಳು ಕುಡಿದು ಬಿಳಿ ಬಿಳಿ ಸಣ್ಣ ಗುಳಿ ಬಿದ್ದಿತ್ತು. ಶುಕ್ರವಾರ ಬೆಳಿಗ್ಗೆ ಹಾಡು ಗುನುಗುತ್ತ ಕೂತೆ. ಎಡಬದಿಯಲ್ಲಿ ಎರಡು ಬೆರಳಗಲದ ಒಂದು ಚಪ್ಪಟೆ ಜಾಗವಿತ್ತು, ಅಲ್ಲೇ ಗುಳಿ ಹೆಚ್ಚು. ಅದಕ್ಕೆಂದೇ ಇನ್ನೊಂದು ಸುತ್ತು ಹೆಚ್ಚು ಉಜ್ಜಿದೆ. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ನನ್ನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಎಂಜಿನ್ ಜೋಡಿಸಿ ಗಾಡಿಗೆ ಕೂರಿಸಿ ಶನಿವಾರ ಅವಳನ್ನು ಕರೆದೆ. ಅವಳು ನೋಡಿ ಕುಣಿದಳು, ನಾನೂ ಕುಣಿದೆ.

ಆಮೇಲೆ ಅವಳು ಚೀಲದಿಂದ ಕಾಗದ, ಪೆನ್ಸಿಲು ತೆಗೆದಳು. ಆರ್‌ಟಿಓಗೆ ಎಂಜಿನ್ ನಂಬರಿನ ಅಚ್ಚು ಕೊಡಬೇಕು. ಎಂಜಿನ್ನಿನ ಮೇಲೆ ಒತ್ತಿದ ಅಂಕಿಗಳ ಮೇಲೆ ಕಾಗದ ಇಟ್ಟು ಪೆನ್ಸಿಲು ಆಡಿಸಿದರೆ ಅಂಕಿ ಮೂಡುತ್ತದೆ. ಅವಳು ಆ ಚಪ್ಪಟೆ ಜಾಗಕ್ಕೆ ಕಾಗದ ಇಟ್ಟು ಆಡಿಸಿದಳು. ಕಾಗದ ಬರೀ ಕಪ್ಪಾಯಿತು. ಇನ್ನೊಂದು ಕಾಗದ ಇಟ್ಟಳು, ಅದೂ ಕಪ್ಪು. ನಾನು ಬೆರಳಾಡಿಸಿದೆ. ನುಣ್ಣಗೆ, ಗಾಜಿನಷ್ಟು ನುಣ್ಣಗೆ. ಎಣ್ಣೆ ಧೂಳು ತುಂಬಿದ ಅಂಕಿಗಳನ್ನೂ ಗುಳಿಯೆಂದೇ ತಿಳಿದು ನಂಬರನ್ನೇ ಉಜ್ಜಿ ತೆಗೆದುಬಿಟ್ಟಿದ್ದೆ. ಎಂಜಿನ್ ನಂಬರು ಅಳಿಸಿದ ಗಾಡಿ ಅಂದರೆ ಕಾನೂನಿನ ಕಣ್ಣಿಗೆ ಕಳ್ಳ ಗಾಡಿ. ಅದು ನೋಂದಣಿಯಾಗುವುದಿಲ್ಲ, ಹಿಡಿದಿಟ್ಟುಕೊಳ್ಳಲೂಬಹುದು. ಈಗ ನಾಚಾರಂನ ಹೊಸಬರ ಕೈಗೆ ನಾನು ಮೊದಲು ಪೆನ್ಸಿಲು ಕೊಡುವುದು ಅದಕ್ಕೇ. ಮೊದಲು ಅಚ್ಚು ತೆಗೆದು ಪುಸ್ತಕಕ್ಕೆ ಅಂಟಿಸಿ, ನಂಬರಿನ ಮೇಲೆ ತಗಡು ಕಟ್ಟಿ, ಆಮೇಲೆ ಚಕ್ರಕ್ಕೆ ಹಿಡಿಯಿರಿ.

ನಮ್ಮ ಮಾಲೀಕರು ನರಸಿಂಗರಾಯರು ಗಲಾಟೆ ಕೇಳಿ ಬಂದರು. ಅವರು ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಅವರ ಬಳಿ ಹತ್ತಿರದ ದಾರಿಯೊಂದು ಇರುತ್ತಿತ್ತು. ಡ್ರಾಯರು ಎಳೆದು ಅಂಕಿ ಒತ್ತುವ ಉಕ್ಕಿನ ಪಂಚುಗಳ ಡಬ್ಬಿ ತೆಗೆದಿಟ್ಟು, "ಆರು ದೆಬ್ಬಲು, ಅಂತೇ ಕದಾ" ಅಂದರು. ಆರು ಪೆಟ್ಟು, ಅಷ್ಟೇ ತಾನೇ. ಆರ್‌ಸಿ ಪುಸ್ತಕ ನೋಡಿಕೊಂಡು ಹೊಡೆದುಬಿಡು, ಯಾರಿಗೆ ತಿಳಿಯುತ್ತದೆ ಅಂದರು. ಮುಚ್ಚಿಡುವುದೇಕೆ, ಹೇಳಿಬಿಡುತ್ತೇನೆ. ನಾನು ಸುತ್ತಿಗೆ ತೆಗೆದುಕೊಂಡೆ. ಕೈಗೆ ಸಿಕ್ಕ ಒಂದು ಪಂಚನ್ನು ಅಳತೆಗೆಂದು ಆ ಜಾಗದ ಮೇಲೆ ನೆಟ್ಟಗೆ ಇಟ್ಟೆ. ಪುಸ್ತಕ ಬಿಚ್ಚಿ ನಂಬರು ಓದು ಎಂದು ಶಶಿಕಲಾಳಿಗೆ ಹೇಳಿದವನೂ ನಾನೇ.

ಅವಳು ಪುಸ್ತಕ ಬಿಚ್ಚಲಿಲ್ಲ. ಬಂದು ಪಂಚನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡಳು.

"ಬ್ಯಾಡ್ರಿ ಕಾಕಾ. ನಮ್ಮ ಅಪ್ಪಾರು ಜೀವಮಾನ ಪೂರ್ತಿ ಇಂಥಾ ಕೆಲಸ ಮಾಡಿದವರನ್ನ ಹಿಡದಾರ. ನಾ ಈಗ ಅವರಿಗೆ ಫೋನ್ ಮಾಡತೀನಿ."

"ಯವ್ವಾ, ಗಾಡಿ ಹೋಗತೈತಿ ನಿಂದು."

"ಹೋದ್ರ ಹೋಗಲಿರಿ."

ಅಲ್ಲೇ ನಿಂತು ತಂದೆಗೆ ಫೋನು ಮಾಡಿದಳು. ಇದ್ದದ್ದನ್ನು ಇದ್ದಂತೆ ಹೇಳಿದಳು. ತಪ್ಪು ಕಾಕಾನದು ಅನ್ನಲಿಲ್ಲ, ಹೊಳೆಯಬೇಕು ಅಂತ ತಾನೇ ಹೇಳಿದ್ದು ಅಂದಳು. ಆಚೆಯಿಂದ ಏನು ಬಂತೋ, ಫೋನು ಇಟ್ಟು, "ನಾಳೆ ಬರ್ತಾರಂತ" ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಭಾನುವಾರ ಶಿವಶರಣಪ್ಪನವರು ಬೀದರಿನ ಬಸ್ಸಿಳಿದು ನೇರ ಕಾರ್ಖಾನೆಗೇ ಬಂದರು. ಎತ್ತರದ ಆಳು, ಬಿಳಿ ಮೀಸೆ. ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಚಪ್ಪಟೆ ಜಾಗವನ್ನು ಬಹಳ ಹೊತ್ತು ನೋಡಿದರು.

"ಭಾಳ ಚಂದ ಹೊಳಸೀರಿ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪಾತರಿ ಸಾಹೇಬ್ರ. ಪಂಚ್ ಹೊಡಿಯಾಕೂ ಕೈ ಎತ್ತಿದ್ದೆ. ನಿಮ್ಮ ಮಗಳು ತಡದಳು."

ಅವರು ಮಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ನಂಬರ್ ಅಳಿಸಿದ ಗಾಡಿ ಎಷ್ಟ್ ಹಿಡದೀನೋ ಲೆಕ್ಕ ಇಲ್ಲರಿ. ಅಳಿಸಿದವರು ತಾವಾಗೇ ಹೇಳಿದ್ದು ನನ್ನ ಸರ್ವಿಸ್‌ನಾಗ ಇದ ಮೊದಲು."

ಆಮೇಲೆ ಅವರು ಹೇಳಿದ ಒಂದು ಮಾತಿಗೆ ನಾನು ಎದ್ದು ನಿಂತುಬಿಟ್ಟೆ. ಕಳ್ಳ ಗಾಡಿ ಸಿಕ್ಕಾಗ ಪೊಲೀಸ್ ಲ್ಯಾಬಿನವರು ಬಂದು ನಂಬರು ಅಳಿಸಿದ ಜಾಗಕ್ಕೆ ಏನೋ ಔಷಧ ಒರೆಸುತ್ತಿದ್ದರಂತೆ, ಹೋದ ನಂಬರು ಮೇಲೆ ಏಳುತ್ತಿತ್ತಂತೆ. "ಏನ್ ಹಚ್ಚತಿದ್ರೋ ನನಗ ತಿಳೀಲಿಲ್ಲ" ಅಂದರು. ನನಗೆ ತಿಳಿಯಿತು! ಇಪ್ಪತ್ತು ವರ್ಷ ಅದನ್ನು ದಿನಾ ನೋಡಿದ್ದೆ. ಉಜ್ಜಿ ನುಣ್ಣಗೆ ಮಾಡಿದ ಅಲ್ಯುಮಿನಿಯಮ್ ಮಾಲನ್ನು ತೊಳೆಯಲೆಂದು ಕಾಸ್ಟಿಕ್ ಸೋಡಾದ ತೊಟ್ಟಿಗೆ ಹಾಕಿದರೆ, ಅಳಿಸಿಹೋದ ಹಳೆಯ ಕಂಪನಿ ಗುರುತು ಮಸಕಾಗಿ ನೆರಳಿನ ಹಾಗೆ ಎದ್ದು ಬರುತ್ತಿತ್ತು. ನಾವು ಅದನ್ನು ಕುಂದು ಎಂದು ತಿಳಿದು ಶಪಿಸುತ್ತ ಮತ್ತೆ ಉಜ್ಜುತ್ತಿದ್ದೆವು. ಅಂಕಿ ಒತ್ತುವಾಗ ಕಾಣುವ ಗುಳಿಯ ಕೆಳಗಿನ ಲೋಹವೂ ಬಿಗಿದುಕೊಳ್ಳುತ್ತದೆ. ಮೇಲಿನ ಗುಳಿ ಸವೆದರೂ ಕೆಳಗಿನ ಬಿಗಿ ಉಳಿದಿರುತ್ತದೆ, ಕಾಸ್ಟಿಕ್ಕು ಅದನ್ನು ಸುತ್ತಲಿನ ಲೋಹಕ್ಕಿಂತ ಬೇರೆ ರೀತಿ ತಿನ್ನುತ್ತದೆ. ಇಷ್ಟು ದಿನ ನನಗೆ ತಲೆನೋವಾಗಿದ್ದದ್ದೇ ಈಗ ಬೇಕಾಗಿತ್ತು.

ಅವತ್ತೇ ಒಂದು ಗುಜರಿ ಕವಚದ ಮೇಲೆ ಪಂಚಿನಿಂದ ಅಂಕಿ ಒತ್ತಿ, ಉಜ್ಜಿ ಅಳಿಸಿ, ಪರೀಕ್ಷೆ ಮಾಡಿದೆವು. ಮೊದಲ ಸಲ ಕಾಸ್ಟಿಕ್ಕು ಜೋರಾಗಿ ಎಲ್ಲ ಒಂದೇ ಸಮ ಕರ್ರಗಾಯಿತು. ಎರಡನೆಯ ಸಲ ನೀರು ಹೆಚ್ಚಿಸಿ, ಹತ್ತಿಯಿಂದ ಮೆಲ್ಲಗೆ ಒರೆಸಿ, ತೊಳೆದು, ಕಪ್ಪು ಬಿಡಿಸಲು ತೆಳುವಾದ ನೈಟ್ರಿಕ್ ಆಮ್ಲ ಸವರಿದೆ. ನೇರ ನೋಡಿದರೆ ಏನೂ ಇಲ್ಲ. ತಲೆ ಓರೆ ಮಾಡಿದರೆ, ಅಲ್ಲಿದೆ ಅಂಕಿ. ಶಿವಶರಣಪ್ಪನವರು ನನ್ನ ಬೆನ್ನು ಗುದ್ದಿದ್ದು ಎರಡು ದಿನ ನೋಯುತ್ತಿತ್ತು. ಗಾಡಿಯ ಮೇಲೆ ಮಾತ್ರ ಕೈ ಇಡಗೊಡಲಿಲ್ಲ. "ಅದು ಇನ್‌ಸ್ಪೆಕ್ಟರ್ ಸಾಹೇಬರ ಮುಂದ. ಇಲ್ಲಂದ್ರ ನಾವ ಬರದೀವಿ ಅಂತಾರ" ಅಂದರು.

ಸೋಮವಾರ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು, ಬಾಟಲಿ, ಹತ್ತಿ, ಎಮರಿ ಕಾಗದ, ಕೈಗವಸುಗಳ ಬುಟ್ಟಿ ಹಿಡಿದುಕೊಂಡು ಆರ್‌ಟಿಓ ಮೈದಾನಕ್ಕೆ ಹೋದೆವು. ಇನ್‌ಸ್ಪೆಕ್ಟರು ತೆಲುಗಿನವರು, ನಮ್ಮ ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ಗಂಭೀರರಾದರು. ಗಾಡಿಯ ಚೌಕಟ್ಟಿನ ಮೇಲೆ ಒತ್ತಿದ ಚಾಸಿ ನಂಬರು ಸರಿಯಾಗಿತ್ತು. ಎಂಜಿನ್ ನಂಬರು ಇಲ್ಲೇ ಕಣ್ಣೆದುರು ಎದ್ದು ಪುಸ್ತಕಕ್ಕೆ ಹೊಂದಿದರೆ ಮತ್ತೆ ಒತ್ತಿಸಲು ಅಪ್ಪಣೆ ಬರೆಯುತ್ತೇನೆ, ಇಲ್ಲವಾದರೆ ಗಾಡಿ ಜಪ್ತಿಯಾಗುತ್ತದೆ ಅಂದರು. ಅವರದೊಂದು ಷರತ್ತು: ನಂಬರು ಗೊತ್ತಿಲ್ಲದವನೇ ಓದಬೇಕು. ಪುಸ್ತಕವನ್ನು ತಾವು ಇಟ್ಟುಕೊಂಡರು. ತಂದೆ ಮಗಳಿಬ್ಬರನ್ನೂ ದೂರ ನಿಲ್ಲಿಸಿದರು. ನಾನು ಆ ಪುಸ್ತಕ ಬಿಚ್ಚಿಯೇ ನೋಡಿರಲಿಲ್ಲ.

ಬಿಸಿಲು ಓರೆಯಾಗಿ ಬೀಳುವಂತೆ ಗಾಡಿ ತಿರುಗಿಸಿ ನಿಲ್ಲಿಸಿಕೊಂಡೆ. ಹತ್ತಿ ಅದ್ದಿ ಒರೆಸಿದೆ. ಸಣ್ಣ ಗುಳ್ಳೆ ಎದ್ದವು, ಕಪ್ಪಾಯಿತು. ತೊಳೆದೆ, ಆಮ್ಲ ಸವರಿದೆ, ತಲೆ ಓರೆ ಮಾಡಿದೆ. ಇತ್ತು! ನಾಲ್ಕು, ಒಂದು, ಏಳು, ಏಳು, ಸೊನ್ನೆ. ಕೂಗಿ ಹೇಳಿದೆ. ಮೈದಾನದಲ್ಲಿದ್ದ ಏಜೆಂಟರು, ಡ್ರೈವರುಗಳು ಎಲ್ಲ ಬಂದು ಮುತ್ತಿದರು. ಆದರೆ ಆರನೆಯ ಅಂಕಿಯ ಬಲಬದಿಯ ಎರಡು ಬಾಗು ಮಾತ್ರ ಕಂಡಿತು. ಮೂರೂ ಆಗಬಹುದು, ಎಂಟೂ ಆಗಬಹುದು.

"ಏದೋ ಒಕಟಿ ಚೆಪ್ಪು" ಎಂದರು ಇನ್‌ಸ್ಪೆಕ್ಟರು, ಯಾವುದೋ ಒಂದು ಹೇಳು ಎಂದು. ಕಣ್ಣು ತಾನಾಗೇ ಶಶಿಕಲಾಳ ಕಡೆ ಹೋಯಿತು. ಅವಳಿಗೆ ನಂಬರು ಬಾಯಿಪಾಠ. ಮೂರು ಅಂದು ಅವಳ ಮುಖ ನೋಡಿದ್ದರೆ ಸಾಕಿತ್ತು, ಗೊತ್ತಾಗಿಬಿಡುತ್ತಿತ್ತು. ಸುತ್ತಿಗೆ ಎತ್ತಿದ ಕೈ ನನ್ನದೇ ಎಂದು ನೆನಪಾಗಿ ತಲೆ ತಗ್ಗಿಸಿದೆ. ಕಾಣುತ್ತಿಲ್ಲ ಸಾರ್, ಇನ್ನೊಂದು ಸಲ ನೋಡುತ್ತೇನೆ ಎಂದೆ. ಆದರೆ ಒಂದು ಮಾತನ್ನು ಎಲ್ಲರಿಗೂ ಹೇಳಿದೆ. ಮತ್ತೆ ಮಾಡಬೇಕಾದರೆ ಮತ್ತೆ ಸ್ವಲ್ಪ ಉಜ್ಜಬೇಕು, ಉಜ್ಜಿದರೆ ಉಳಿದ ನೆರಳೂ ತೆಳುವಾಗುತ್ತದೆ. ಇದೇ ಕೊನೆಯ ಸಲ.

ಆಗ ಶಿವಶರಣಪ್ಪನವರು ಇನ್‌ಸ್ಪೆಕ್ಟರ ಅಪ್ಪಣೆ ಕೇಳಿ ಮುಂದೆ ಬಂದರು. ಜೇಬಿನಿಂದ ವರ್ಗಾವಣೆಯ ಕಾಗದ ತೆಗೆದು ಗಾಡಿಯ ಸೀಟಿನ ಮೇಲೆ ಹರವಿ ಸಹಿ ಮಾಡಿದರು. ಕಾಗದವನ್ನು ಮಗಳ ಕೈಗೆ ಕೊಟ್ಟರು.

"ಅಪ್ಪಾ, ನಂಬರ ಬರದಿದ್ರ ಗಾಡಿನ ಉಳಿಯೂದಿಲ್ಲ. ಈಗ್ಯಾಕ ಸಹಿ ಮಾಡಿದ್ರಿ?"

"ಗಾಡಿ ಉಳೀಲಿ ಬಿಡಲಿ. ನಿನಗ ಕೊಡಬಾರದಿತ್ತು ಅಂತ ನಾ ಇನ್ನ ಯಾವತ್ತೂ ಅನ್ನಂಗಿಲ್ಲ. ಅದಕ್ಕ ಮೊದಲ ಮಾಡೀನಿ."

ಅವಳು ಕಾಗದವನ್ನು ಎದೆಗೊತ್ತಿಕೊಂಡು ಅತ್ತಳು. ನನಗೂ ಕಣ್ಣು ತುಂಬಿ ಏನೂ ಕಾಣದಂತಾಗಿ, ಸ್ವಲ್ಪ ತಡೆಯಿರಿ ಎಂದು ಕೂತುಬಿಟ್ಟೆ. ಆಮೇಲೆ ಎಲ್ಲಕ್ಕಿಂತ ಸಣ್ಣ ಎಮರಿ ಕಾಗದಕ್ಕೆ ಸೀಮೆಎಣ್ಣೆ ಹಚ್ಚಿ ನಾಲ್ಕೇ ನಾಲ್ಕು ಸಲ ಆಡಿಸಿದೆ. ಕಾಸ್ಟಿಕ್ಕಿಗೆ ಇನ್ನಷ್ಟು ನೀರು ಬೆರೆಸಿದೆ. ಒರೆಸಿದೆ, ಕಾದೆ, ಮತ್ತೆ ಒರೆಸಿದೆ. ತೊಳೆದು ಆಮ್ಲ ಸವರಿ ಕೆನ್ನೆಯನ್ನು ಎಂಜಿನ್ನಿಗೆ ತಾಗಿಸುವಷ್ಟು ಹತ್ತಿರ ಹೋಗಿ ನೋಡಿದೆ. ಬಲಕ್ಕೆ ಎರಡು ಬಾಗು. ಎಡಕ್ಕೆ ಖಾಲಿ, ಪೂರ್ತಿ ಖಾಲಿ, ಬಾಗಿನ ತುದಿಗಳು ಸ್ಪಷ್ಟವಾಗಿ ಅಲ್ಲೇ ನಿಂತಿದ್ದವು.

"ಮೂರು" ಎಂದೆ.

ಇನ್‌ಸ್ಪೆಕ್ಟರು ತಾವೂ ಬಗ್ಗಿ ನೋಡಿದರು. ಪುಸ್ತಕ ಬಿಚ್ಚಿದರು. ಅದನ್ನು ನಮ್ಮ ಕಡೆ ತಿರುಗಿಸಿ ಹಿಡಿದರು. ನಾಲ್ಕು ಒಂದು ಏಳು ಏಳು ಸೊನ್ನೆ ಮೂರು. ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟಿತು. ಯಾರೋ ಏಜೆಂಟು, ತನಗೆ ಸಂಬಂಧವೇ ಇಲ್ಲದವನು, ನನ್ನನ್ನು ಎತ್ತಿ ಇಳಿಸಿದ.

ಕಚೇರಿಯ ಒಳಗೆ ಇನ್‌ಸ್ಪೆಕ್ಟರು ನನ್ನಿಂದ ಒಂದು ಹೇಳಿಕೆ ಬರೆಸಿಕೊಂಡರು. ನಂಬರು ಅಳಿಸಿದವರು ಎಂಬಲ್ಲಿ ನನ್ನ ಸಹಿ, ನಂಬರು ಓದಿದವರು ಎಂಬಲ್ಲಿಯೂ ನನ್ನದೇ ಸಹಿ. ಇಂಥ ಕಾಗದ ಈ ಕಚೇರಿಯಲ್ಲಿ ಇದುವರೆಗೆ ಬಂದಿಲ್ಲ ಎಂದು ಅವರು ನಕ್ಕರು. ಅದೇ ನಂಬರನ್ನು ಅದೇ ಜಾಗದಲ್ಲಿ ಮತ್ತೆ ಒತ್ತಿಸಲು ಅಪ್ಪಣೆ ಬರೆದುಕೊಟ್ಟರು. ಎರಡು ವಾರದ ನಂತರ ಗಾಡಿ ಶಶಿಕಲಾಳ ಹೆಸರಿಗೆ ಆಯಿತು. ಹೊಸ ಪುಸ್ತಕ ಕೊಡುವ ದಿನ ಅವಳು ನನ್ನನ್ನೂ ಕರೆದಿದ್ದಳು, ಶಿವಶರಣಪ್ಪನವರೂ ಬೀದರಿನಿಂದ ಬಂದಿದ್ದರು.

ಹೊರಗೆ ಬಂದು ಅವಳು ಒಂದೇ ಒದೆತಕ್ಕೆ ಗಾಡಿ ಚಾಲೂ ಮಾಡಿ, "ಕುಂದರ್ರಿ ಅಪ್ಪಾ" ಅಂದಳು. ಅವರು ಹೆಲ್ಮೆಟ್ಟು ಹಾಕಿಕೊಂಡು ಹಿಂದಿನ ಸೀಟಿಗೆ ಹತ್ತಿದರು. ಒಂದು ಕಾಲು ಗಾಳಿಯಲ್ಲಿ ತಡಕಾಡಿತು, ಇನ್ನೊಂದು ಸೈಲೆನ್ಸರಿಗೆ ತಾಗಿ ಹಿಂದೆ ಬಂತು. ಇಡೀ ನೌಕರಿ ಅದೇ ಗಾಡಿಯ ಮೇಲೆ ಮಾಡಿದ ಮನುಷ್ಯ ಕೆಳಗೆ ಬಗ್ಗಿ ಅತ್ತಿತ್ತ ನೋಡಿ ಮಗಳನ್ನು ಕೇಳಿದರು:

"ಶಶೀ, ಹಿಂದ ಕುಂತವರು ಕಾಲು ಎಲ್ಲಿ ಇಡತಾರ?"